ಹ್ಯಾರಿಸನ್ ಗಡಿಯಾರಗಳಿಗೆ ಮರುಜೀವ ಕೊಟ್ಟ ಹವ್ಯಾಸಿ ರೂಪರ್ಟ್ ಗೂಲ್ಡ್

ಹಳೇ ಗಡಿಯಾರದ ಮುಚ್ಚಳ ಬಿಚ್ಚಿ, ಒಳಗಿನ ಹಲ್ಲುಚಕ್ರ, ಸ್ಪ್ರಿಂಗ್‌ಗಳ ಫೋಟೋ ತೆಗೆಯುವ ಹವ್ಯಾಸ ಹಲವರಿಗಿದೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಆ ಫೋಟೋಗಳು ನೆರವಾಗುತ್ತವೆ. ನೂರು ವರ್ಷಗಳ ಹಿಂದೆ ಬ್ರಿಟನ್ನಿನ ರೂಪರ್ಟ್ ಗೂಲ್ಡ್ ಇಂಥದ್ದೇ ದಾಖಲೆಯನ್ನು ಬಣ್ಣದ ಶಾಯಿಯಲ್ಲಿ ಬರೆದಿಟ್ಟರು.

1890ರಲ್ಲಿ ಜನಿಸಿದ ಗೂಲ್ಡ್ ನೌಕಾಪಡೆ ಅಧಿಕಾರಿಯಾಗಿದ್ದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಮಾನಸಿಕವಾಗಿ ಕುಸಿದರು. ಚೇತರಿಸಿಕೊಂಡ ಮೇಲೆ ನೌಕಾಪಡೆಯ ಜಲನಕ್ಷೆ ವಿಭಾಗದಲ್ಲಿ ಕಚೇರಿ ಕೆಲಸ ಸಿಕ್ಕಿತು.

1920ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಜಾನ್ ಹ್ಯಾರಿಸನ್ ಅವರ ಗಡಿಯಾರಗಳು ಅವರ ಕಣ್ಣಿಗೆ ಬಿದ್ದವು. ನಡುಸಮುದ್ರದಲ್ಲಿ ಹಡಗು ಯಾವ ರೇಖಾಂಶದಲ್ಲಿದೆ ಎಂದು ತಿಳಿಯಲು 18ನೇ ಶತಮಾನದಲ್ಲಿ ತಯಾರಾದ ಅಪೂರ್ವ ಯಂತ್ರಗಳವು. ಆದರೆ ಕೊಳೆ, ಕಿಲುಬು ಹಿಡಿದು ಮೂಲೆಗುಂಪಾಗಿದ್ದವು.

ಅನುಮತಿ ಪಡೆದ ಗೂಲ್ಡ್, ಸಂಬಳವಿಲ್ಲದೆ ದುರಸ್ತಿಗೆ ಕೂತರು. ಗಡಿಯಾರ ತಯಾರಿಕೆಯ ತರಬೇತಿ ಅವರಿಗಿರಲಿಲ್ಲ. ಹಾಗಾಗಿ ಬಿಚ್ಚಿದ ಭಾಗಗಳ ಚಿತ್ರ, ವಿವರ ಬರೆಯುತ್ತಾ ಹೋದರು. 18 ನೋಟ್‌ಬುಕ್‌ಗಳು ತುಂಬಿದವು. 700ಕ್ಕೂ ಹೆಚ್ಚು ಬಿಡಿಭಾಗಗಳಿದ್ದ ಮೂರನೇ ಗಡಿಯಾರಕ್ಕೇ ಏಳು ವರ್ಷ ಹಿಡಿಯಿತು.

ಈ ನಡುವೆ ಸಂಸಾರ ಮುರಿಯಿತು. 1927ರಲ್ಲಿ ಪತ್ನಿಯಿಂದ ಬೇರೆಯಾದರು, ಇಬ್ಬರು ಮಕ್ಕಳೂ ದೂರವಾದರು. ನೌಕಾಪಡೆಯ ಕೆಲಸವೂ ಹೋಯಿತು. ಗಡಿಯಾರಗಳನ್ನು ಮಾತ್ರ ಬಿಡಲಿಲ್ಲ.

1933ರಲ್ಲಿ, 1735ರ ಮೊದಲ ಗಡಿಯಾರ ಮತ್ತೆ ಟಿಕ್ ಟಿಕ್ ಎಂದಿತು. 1947ರಲ್ಲಿ ಬ್ರಿಟಿಷ್ ಹೊರಾಲಜಿಕಲ್ ಇನ್‌ಸ್ಟಿಟ್ಯೂಟ್ ಚಿನ್ನದ ಪದಕ ನೀಡಿ ಗೌರವಿಸಿತು. ಮರುವರ್ಷವೇ ಗೂಲ್ಡ್ ತೀರಿಕೊಂಡರು. ಅವರು ಉಳಿಸಿಕೊಟ್ಟ ಗಡಿಯಾರಗಳನ್ನು ಗ್ರೀನಿಚ್‌ಗೆ ಹೋದವರು ಇಂದಿಗೂ ನೋಡಬಹುದು.