ಗಾಂಧಿ ಹಾಲು ಬಿಟ್ಟಿದ್ದೇಕೆ, ಮತ್ತೆ ಕುಡಿದಿದ್ದೇಕೆ?

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಕಡೆ ಮುದ್ದೆಗೆ ಬಸ್ಸಾರು, ಉಪ್ಸಾರು ಎಷ್ಟು ಸಹಜವೋ ಬಾಡಿನ ಸಾರೂ ಅಷ್ಟೇ ಸಹಜ. ವಾರದಲ್ಲಿ ಒಂದೆರಡು ದಿನ, ಶ್ರಾವಣದಲ್ಲಿ ತಿಂಗಳಿಡೀ ಬಾಡು ಬಿಡುವ ಮನೆಗಳಿವೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮನೆಯ ಮಗನೋ ಮಗಳೋ ಇನ್ನು ಪೂರ್ತಿ ಬಿಟ್ಟೆ ಎಂದರೆ, ಮೈಗೆ ಕಸುವು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ತಟ್ಟನೆ ಏಳುತ್ತದೆ. ಹಾಲು, ಮೊಸರನ್ನೂ ಬಿಟ್ಟೆ ಎಂದರಂತೂ ಮನೆಯವರಿಗೆ ಗಾಬರಿಯೇ ಆಗುತ್ತದೆ.

ಇದೇ ಪ್ರಶ್ನೆಯನ್ನು ಜೀವನವಿಡೀ ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡ ಒಬ್ಬರಿದ್ದರು: ಮೋಹನದಾಸ ಕರಮಚಂದ ಗಾಂಧಿ. ಅವರು ಸಸ್ಯಾಹಾರಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರ ಕಾರಣಗಳು ಹೇಗೆ ಬದಲಾದವು, ಎಲ್ಲಿ ಅವರ ಲೆಕ್ಕ ತಪ್ಪಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅವರ ಬದುಕನ್ನು ಈ ಒಂದು ಎಳೆ ಹಿಡಿದು ನೋಡೋಣ.

ಮಾಂಸ ತಿಂದ ಹುಡುಗ

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ, ವೈಷ್ಣವ ಕುಟುಂಬದಲ್ಲಿ ಹುಟ್ಟಿದ ಮೋಹನದಾಸ ಹದಿಹರೆಯದಲ್ಲಿ ಮಾಂಸ ತಿಂದಿದ್ದರು. ಇಂಗ್ಲಿಷರು ಮಾಂಸ ತಿನ್ನುವುದರಿಂದಲೇ ಬಲಶಾಲಿಗಳು, ನಾವೂ ತಿಂದರೆ ಅವರನ್ನು ಓಡಿಸಬಹುದು ಎಂದು ಗೆಳೆಯನೊಬ್ಬ ನಂಬಿಸಿದ್ದ. ಹೊಳೆಯ ಬಳಿ, ಯಾರಿಗೂ ಕಾಣದಂತೆ ಮೇಕೆ ಮಾಂಸದ ಮೊದಲ ಊಟ ನಡೆಯಿತು. ಆ ರಾತ್ರಿ ಹೊಟ್ಟೆಯೊಳಗೆ ಮೇಕೆ ಅರಚಿದಂತಾಗಿ ಹುಡುಗನಿಗೆ ನಿದ್ದೆ ಬರಲಿಲ್ಲ. ಆದರೂ ಸುಮಾರು ಒಂದು ವರ್ಷದಲ್ಲಿ ಐದಾರು ಬಾರಿ ತಿಂದರು. ಕೊನೆಗೆ ಬಿಟ್ಟಿದ್ದು ಪ್ರಾಣಿದಯೆಯಿಂದಲ್ಲ, ಹೆತ್ತವರಿಗೆ ಸುಳ್ಳು ಹೇಳಬೇಕಾಗುತ್ತಿತ್ತು ಎಂಬ ಕಾರಣಕ್ಕೆ.

1888ರಲ್ಲಿ ಓದಲು ಲಂಡನ್ನಿಗೆ ಹೊರಟಾಗ ಮಾಂಸ ಮುಟ್ಟುವುದಿಲ್ಲ ಎಂದು ತಾಯಿ ಪುತಲೀಬಾಯಿಯ ಮುಂದೆ ಪ್ರಮಾಣ ಮಾಡಿದರು. ಅಲ್ಲಿ ಮೊದಮೊದಲು ಅರೆಹೊಟ್ಟೆಯೇ ಗತಿ. ಒಂದು ದಿನ ಫ್ಯಾರಿಂಗ್‌ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿತ್ತು. ಅಲ್ಲೇ ಮಾರಾಟಕ್ಕಿದ್ದ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡರು. ಅದುವರೆಗೆ ತಾಯಿಗೆ ಕೊಟ್ಟ ಮಾತು ಕಟ್ಟಿಹಾಕಿತ್ತು, ಆ ಪುಸ್ತಕ ಓದಿದ ಮೇಲೆ ಸಸ್ಯಾಹಾರ ಅವರ ಸ್ವಂತ ಆಯ್ಕೆಯಾಯಿತು. ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು.

ಮಗನ ಜ್ವರ, ತಂದೆಯ ಹಟ

ಸುಮಾರು 1902ರಲ್ಲಿ ಮುಂಬೈನಲ್ಲಿ ಮಗ ಮಣಿಲಾಲನಿಗೆ ಟೈಫಾಯ್ಡ್ ಬಂತು. ಆಗ ಅವನಿಗೆ ಹತ್ತು ವರ್ಷ. ಮೊಟ್ಟೆ, ಕೋಳಿ ಸೂಪು ಕೊಡಿ ಎಂದು ವೈದ್ಯರು ಹೇಳಿದರು. ಗಾಂಧಿ ಒಪ್ಪದೆ, ಒದ್ದೆ ಬಟ್ಟೆ ಸುತ್ತಿ ಜಲಚಿಕಿತ್ಸೆ ಮಾಡಿದರು. ಹುಡುಗ ಬದುಕಿಕೊಂಡ.

ಇಂಥ ಕಥೆಗಳನ್ನು ಜಲಚಿಕಿತ್ಸೆಗೂ ಪಥ್ಯಕ್ಕೂ ಪುರಾವೆಯಾಗಿ ಬಳಸುವುದುಂಟು. ಹಾಗೆ ಬಳಸುವುದು ತಪ್ಪು. ಒಂದು ಮಗು ಬದುಕಿದ್ದರಿಂದ ಚಿಕಿತ್ಸೆ ಸರಿ ಎಂದಾಗುವುದಿಲ್ಲ. ಆಗ ಟೈಫಾಯ್ಡ್‌ಗೆ ಆಂಟಿಬಯಾಟಿಕ್ ಇರಲಿಲ್ಲ. ಹೆಚ್ಚಿನವರು ತಾವಾಗಿಯೇ ಗುಣವಾಗುತ್ತಿದ್ದರು, ಹಲವರು ಸಾಯುತ್ತಿದ್ದರು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಕಸ್ತೂರಬಾ ಕಾಯಿಲೆ ಬಿದ್ದಾಗ ವೈದ್ಯರು ದನದ ಮಾಂಸದ ಸಾರು ಕೊಡಬೇಕೆಂದರು. ಬೇಡ ಎಂದಿದ್ದು ಸ್ವತಃ ಕಸ್ತೂರಬಾ. ಈ ಎರಡು ಘಟನೆ ಒಂದೇ ಅಲ್ಲ. ತನ್ನ ದೇಹದ ಬಗ್ಗೆ ವಯಸ್ಕರು ತೀರ್ಮಾನಿಸುವುದು ಬೇರೆ, ಮಗುವಿನ ತಟ್ಟೆಯ ಬಗ್ಗೆ ದೊಡ್ಡವರ ನಂಬಿಕೆ ತೀರ್ಮಾನಿಸುವುದು ಬೇರೆ.

ಹಾಲಿಗೂ ವಿದಾಯ

1912ರಲ್ಲಿ, ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ, ಗಾಂಧಿ ಹಾಲನ್ನೂ ಬಿಟ್ಟರು. ಕಾರಣ ಎರಡು. ಹಾಲು ಕಾಮವನ್ನು ಕೆರಳಿಸುತ್ತದೆ, ಬ್ರಹ್ಮಚರ್ಯಕ್ಕೆ ಅಡ್ಡಿ ಎಂಬುದು ಒಂದು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಕೊನೆಯ ಹನಿಯವರೆಗೂ ಹಾಲು ಹಿಂಡಲು ಕಲ್ಕತ್ತೆಯಲ್ಲಿ ಹಸು, ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿದ್ದು ಇನ್ನೊಂದು. ಇಂದಿನ ವೀಗನ್ನರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ. ಹೆಸರೇ ಇಲ್ಲದ ಕಾಲದಲ್ಲಿ ಗಾಂಧಿ ಆ ದಾರಿ ಹಿಡಿದಿದ್ದರು.

1914ರಲ್ಲಿ ಲಂಡನ್ನಿನಲ್ಲಿ ಶ್ವಾಸಕೋಶದ ಪೊರೆಯ ಉರಿಯೂತ ಬಂದಾಗ ವೈದ್ಯರು ಹಾಲು ಕುಡಿಯಲು ಹೇಳಿದರು, ಗುರು ಸಮಾನರಾದ ಗೋಖಲೆಯವರೂ ಒತ್ತಾಯಿಸಿದರು. ಗಾಂಧಿ ಒಪ್ಪಲಿಲ್ಲ. 1918ರಲ್ಲಿ ಗುಜರಾತಿನಲ್ಲಿ ಭೇದಿ ಹಿಡಿದು ಸಾವಿನ ಅಂಚಿಗೆ ಹೋದರು. ಚೇತರಿಸಿಕೊಳ್ಳಲು ಆಗಲೇ ಇಲ್ಲ. ಹಾಲು ಬೇಕೇ ಬೇಕು ಎಂದು ವೈದ್ಯರು ಪಟ್ಟು ಹಿಡಿದಾಗ, ಮೇಕೆಯ ಹಾಲಾದರೂ ಆಗಬಹುದಲ್ಲ ಎಂಬ ದಾರಿ ತೋರಿಸಿದ್ದು ಕಸ್ತೂರಬಾ. ವ್ರತ ಹಿಡಿದಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಮಾತ್ರ ಎಂದು ಗಾಂಧಿ ಒಪ್ಪಿಕೊಂಡರು. ಮಾತು ಉಳಿಯಿತು, ಅದರ ಅರ್ಥ ಉಳಿಯಲಿಲ್ಲ ಎಂಬ ಕೊರಗನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು.

ಆ ಆತ್ಮಕಥೆ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದಾಗಲೇ, 1927ರಲ್ಲಿ, ಆರೋಗ್ಯ ಕೆಟ್ಟು ನಂದಿ ಬೆಟ್ಟಕ್ಕೆ ವಿಶ್ರಾಂತಿಗೆ ಬಂದರು. ಅಲ್ಲಿಂದ ಬೆಂಗಳೂರಿಗೆ ಇಳಿದು, ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಯಲ್ಲಿ ಸುಮಾರು ಎರಡು ವಾರ ಹಸು ಸಾಕಣೆ ಕಲಿತರು. ಹಸುವಿನ ಹಾಲು ಮುಟ್ಟದ ಮನುಷ್ಯ ಹಸು ಸಾಕಣೆ ಕಲಿತದ್ದು ವಿಚಿತ್ರವೆನಿಸಬಹುದು. ಕೈಮುಗಿದರೆ ಸಾಲದು, ಚೆನ್ನಾಗಿ ಸಾಕುವ ವಿದ್ಯೆ ಇದ್ದರೆ ಮಾತ್ರ ಹಸು ಉಳಿಯುತ್ತದೆ ಎಂಬುದು ಅವರ ನಿಲುವಾಗಿತ್ತು. ಹಾಲಿಲ್ಲದೆ ಬದುಕುವ ಆಸೆಯನ್ನಂತೂ ಬಿಡಲಿಲ್ಲ. 1929ರಲ್ಲಿ ಬೇಯಿಸದ ಕಾಳು, ಹಸಿ ತರಕಾರಿಯ ಪ್ರಯೋಗ ಮಾಡಿ ಮತ್ತೆ ಭೇದಿಯಾಗಿ, ಮತ್ತೆ ಮೇಕೆ ಹಾಲಿಗೆ ಮರಳಿದರು.

1931ರ ನವೆಂಬರಿನಲ್ಲಿ ಲಂಡನ್ ಸಸ್ಯಾಹಾರಿ ಸಂಘದ ಸಭೆಯಲ್ಲಿ ಮಾತನಾಡಿದರು. ಹೆನ್ರಿ ಸಾಲ್ಟ್ ಅವರೂ ಅಲ್ಲಿದ್ದರು. ಆರೋಗ್ಯದ ಆಸೆಗಷ್ಟೇ ಮಾಂಸ ಬಿಟ್ಟವರು ಸ್ವಲ್ಪ ಕಾಯಿಲೆಯಾದರೂ ಹಿಂದೆ ಸರಿಯುತ್ತಾರೆ, ನೀತಿಯ ತಳಹದಿ ಇದ್ದರೆ ಮಾತ್ರ ನಿಲ್ಲುತ್ತಾರೆ ಎಂಬುದು ಆ ಭಾಷಣದ ತಿರುಳು.

ಅವರಿಗೆ ಗೊತ್ತಿಲ್ಲದ ಒಂದು ವಿಷಯ

ಗಾಂಧಿ 1948ರ ಜನವರಿ 30ರಂದು ಹತ್ಯೆಗೀಡಾದರು. ಅದೇ ವರ್ಷ ಅಮೆರಿಕ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ವಿಟಮಿನ್ ಬಿ12 ಅನ್ನು ಬೇರ್ಪಡಿಸಿದರು. ರಕ್ತ ಮತ್ತು ನರಗಳಿಗೆ ಬೇಕಾದ ಇದನ್ನು ತಯಾರಿಸುವುದು ಸೂಕ್ಷ್ಮಾಣುಜೀವಿಗಳು ಮಾತ್ರ. ಮಾಂಸ, ಮೊಟ್ಟೆ, ಮೀನು, ಹಾಲಿನಲ್ಲಿ ಸಿಗುತ್ತದೆ. ಸೊಪ್ಪು, ಕಾಳು, ಧಾನ್ಯಗಳನ್ನು ಇದಕ್ಕಾಗಿ ನಂಬಿಕೊಳ್ಳುವಂತಿಲ್ಲ.

ಹಾಗಾದರೆ 1918ರ ಕಾಯಿಲೆಗೆ ಬಿ12 ಕೊರತೆ ಕಾರಣವೇ? ಹಾಗೆನ್ನಲು ಆಗದು. ಅದು ಭೇದಿ. ಮೇಲಾಗಿ ಮೇಕೆ ಹಾಲಿನಲ್ಲಿ ಬಿ12 ಹಸುವಿನ ಹಾಲಿಗಿಂತ ಬಹಳ ಕಡಿಮೆ. ನಾವು ಹೇಳಬಹುದಾದದ್ದು ಇಷ್ಟೇ: ಹಾಲಿಗೆ ಬದಲು ಸಸ್ಯಮೂಲದಲ್ಲೇ ಏನಾದರೂ ಸಿಗಬಹುದೆಂದು ಅವರು ಜೀವನವಿಡೀ ಹುಡುಕಿದರು. ಬಿ12ರ ಮಟ್ಟಿಗೆ ಅಂಥ ಬದಲಿ ಹೊಲದಲ್ಲಿ ಇರಲೇ ಇಲ್ಲ. ಇಂದು ಔಷಧಿ ಅಂಗಡಿಯಲ್ಲಿದೆ.

ಕಸುವಿನ ಪ್ರಶ್ನೆಗೆ ಉತ್ತರ ಹೀಗಿದೆ. ಬೇಳೆ, ಕಾಳು, ಧಾನ್ಯ ಸೇರಿಸಿ ತಿಂದರೆ ಪ್ರೋಟೀನ್ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಮುದ್ದೆ, ಬಸ್ಸಾರು ಎರಡರಲ್ಲೂ ಬಿ12 ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮೈಕ್ರೋಗ್ರಾಂ. ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಹಾಲನ್ನೂ ಬಿಡುವವರು ಬಿ12 ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ತೆಗೆದುಕೊಳ್ಳಲೇಬೇಕು. ಯಕೃತ್ತಿನಲ್ಲಿ ಕೆಲವು ವರ್ಷಗಳ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಸುಸ್ತು, ಕೈಕಾಲು ಜೋಮು, ಮರೆವು ಕಂಡರೆ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯರು ಮತ್ತು ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವಪ್ಪ ಎದುರಾದರೆ ಜನ ಕೈಮುಗಿಯುತ್ತಾರೆ. ಆ ಸೀಮೆಯ ಮನೆಗಳಿಂದಲೇ ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹೋಗುತ್ತದೆ. ಅಲ್ಲಿ ಹುಟ್ಟಿದವರೊಬ್ಬರು ಹಾಲು ಬಿಡುತ್ತೇನೆ ಎಂದರೆ ಅದನ್ನು ಹುಚ್ಚು ಎನ್ನಬೇಕಿಲ್ಲ. ಹಾಲು ಹಾಕಿ ಬದುಕುವ ಮನೆಯವರನ್ನು ಕಟುಕರಂತೆ ನೋಡಬೇಕಾಗಿಯೂ ಇಲ್ಲ. ಬಿಡುವುದಕ್ಕೆ ಕಾರಣವನ್ನು ಮನಸ್ಸು ಕೊಡಬಹುದು. ಬಿಟ್ಟಮೇಲೆ ಮೈಗೆ ಏನು ಬೇಕೆಂಬುದನ್ನು ಮಾತ್ರ ವಿಜ್ಞಾನವನ್ನೇ ಕೇಳಬೇಕು. ಗಾಂಧಿಗೆ ಆ ಉತ್ತರ ಸಿಗುವ ಕಾಲ ಬಂದಿರಲಿಲ್ಲ, ನಮಗೆ ಬಂದಿದೆ.