ಭೀತಿಯನ್ನು ಗೆದ್ದ ಪ್ರೀತಿ: ಸಂತ ಫ್ರಾನ್ಸಿಸ್ ಡಿ ಸೇಲ್ಸ್



ತನಗೆ ರಕ್ಷಣೆ ದೊರೆಯುವುದೋ ಇಲ್ಲವೋ ಎಂಬ ಕಳವಳವನ್ನು ಗುರುವಾದವನು ಭಕ್ತರ ಮರಣಶಯ್ಯೆಯ ಬಳಿ ಎಷ್ಟೋ ಬಾರಿ ಕಂಡಿರುತ್ತಾನೆ. ಮಹಾಸಂತರೊಬ್ಬರೂ ಇದೇ ಕತ್ತಲೆಯನ್ನು ಹಾದುಬಂದರೆಂಬುದು ನಮಗೆ ಸಾಂತ್ವನದ ಸಂಗತಿ.

ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರವರು 1567ರ ಆಗಸ್ಟ್ 21ರಂದು ಸವಾಯ್ ಸೀಮೆಯ ಕುಲೀನ ಮನೆತನದಲ್ಲಿ ಜನಿಸಿದರು. ವಿದ್ಯಾಭ್ಯಾಸಕ್ಕಾಗಿ ಪ್ಯಾರಿಸ್ ನಗರದ ಯೇಸುಸಭೆಯ ವಿದ್ಯಾಲಯವನ್ನು ಸೇರಿದರು. ದೇವರು ಕೆಲವರನ್ನು ಮಾತ್ರ ಮೊದಲೇ ರಕ್ಷಣೆಗೆ ಆರಿಸಿರುವನೇ ಎಂಬ ವಾದ ಅಂದು ವಿದ್ವಾಂಸರಲ್ಲಿ ಬಿರುಸಾಗಿ ನಡೆದಿತ್ತು. ತಾನು ಆಯ್ಕೆಯಾದವರಲ್ಲಿ ಇಲ್ಲವೆಂಬ ಶಂಕೆ ಹತ್ತೊಂಬತ್ತರ ತರುಣ ಫ್ರಾನ್ಸಿಸರ ಮನದಲ್ಲಿ ಬೇರೂರಿತು. 1586ರ ಕೊನೆಯಿಂದ ಸುಮಾರು ಆರು ವಾರ ಊಟನಿದ್ರೆಗಳು ದೂರವಾದವು, ದೇಹ ಕೃಶವಾಯಿತು.

ಕಡೆಗೊಂದು ದಿನ ಅವರು ಸಂತ ಸ್ತೆಫಾನರ ದೇವಾಲಯವನ್ನು ಹೊಕ್ಕು, ದೇವಮಾತೆಯ ಸ್ವರೂಪದ ಮುಂದೆ ಮೊಣಕಾಲೂರಿದರು. ಪರಲೋಕದಲ್ಲಿ ದೇವರನ್ನು ಪ್ರೀತಿಸುವ ಭಾಗ್ಯ ತನಗಿಲ್ಲದಿದ್ದರೆ, ಈ ಲೋಕದಲ್ಲಾದರೂ ಆತನನ್ನು ಪೂರ್ಣ ಹೃದಯದಿಂದ ಪ್ರೀತಿಸುವೆನೆಂದು ಸಂಕಲ್ಪಿಸಿದರು. ಅಲ್ಲಿನ ಹಲಗೆಯೊಂದರಲ್ಲಿ ಬರೆದಿದ್ದ ಮಾತೆಯ ಪ್ರಾರ್ಥನೆಯನ್ನು ಹೇಳಿ ಮೇಲೆದ್ದಾಗ ಭೀತಿ ಅಳಿದಿತ್ತು. ಅವರ ಪ್ರಶ್ನೆಗೆ ಉತ್ತರವೇನೂ ದೊರೆತಿರಲಿಲ್ಲ. ಆದರೆ ಪ್ರಶ್ನೆಯನ್ನೂ ತನ್ನನ್ನೂ ತಂದೆಯ ಕೈಗೆ ಒಪ್ಪಿಸಿದ್ದರು. ಮುಂದೆ ಪದುವಾ ನಗರದಲ್ಲಿ ಅಧ್ಯಯನ ಮಾಡುತ್ತಾ, ದೇವರು ಸರ್ವರ ರಕ್ಷಣೆಯನ್ನೂ ಬಯಸುತ್ತಾನೆಂಬ ನಿಶ್ಚಯಕ್ಕೆ ಬಂದರು.

1593ರಲ್ಲಿ ಗುರುದೀಕ್ಷೆ ಪಡೆದ ಅವರು, ಮರುವರ್ಷ ಶಾಬ್ಲೇ ಪ್ರಾಂತ್ಯಕ್ಕೆ ತೆರಳಿದರು. ಬೋಧನೆ ಕೇಳಲು ಜನ ಬಾರದಿದ್ದಾಗ, ಉಪದೇಶವನ್ನು ಹಾಳೆಗಳಲ್ಲಿ ಬರೆದು ಮನೆಬಾಗಿಲುಗಳ ಅಡಿಯಿಂದ ಸೇರಿಸಿದರು. 1602ರಲ್ಲಿ ಜಿನೀವಾದ ಧರ್ಮಾಧ್ಯಕ್ಷರಾಗಿ ಆನ್ಸಿಯಲ್ಲಿ ನೆಲೆಸಿದರು. 1610ರಲ್ಲಿ ಸಂತ ಜೇನ್ ಫ್ರಾನ್ಸೆಸ್ ಶಾಂತಾಲರೊಡನೆ ಸಂದರ್ಶನ ಮಾತೆಯ ಕನ್ಯಾಸಭೆಯನ್ನು ಸ್ಥಾಪಿಸಿದರು. ಭೀತಿಯನ್ನು ತಾವೇ ಉಂಡಿದ್ದುದರಿಂದ, ಅಂಜಿದ ಆತ್ಮಗಳಿಗೆ ಅವರ ಮಾತು ಸದಾ ಮೃದುವಾಗಿತ್ತು. 1616ರಲ್ಲಿ ದೇವಪ್ರೀತಿಯನ್ನು ಕುರಿತೇ ಮಹಾಗ್ರಂಥವೊಂದನ್ನು ಪ್ರಕಟಿಸಿದರು. 1622ರ ಡಿಸೆಂಬರ್ 28ರಂದು ಲಿಯೋನ್ ನಗರದಲ್ಲಿ ದೈವಾಧೀನರಾದರು. 1665ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. 1877ರಲ್ಲಿ ಧರ್ಮಸಭೆಯ ಆಚಾರ್ಯರೆಂಬ ಗೌರವ ಸಂದಿತು.

ರಕ್ಷಣೆ ಕೈಸೇರಿತೆಂದು ಮೈಮರೆಯುವುದು ಸಲ್ಲದು. ನಮಗಿಲ್ಲವೆಂದು ನಿರಾಶರಾಗುವುದೂ ಸಲ್ಲದು. ನೂರು ವರ್ಷಗಳಿಂದ ನಮ್ಮ ಹಿರಿಯರು ಈ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದರು, ಬಿದ್ದಾಗಲೆಲ್ಲ ಪಾಪಕ್ಷಮೆ ಬೇಡಿದರು, ಪರಮಪ್ರಸಾದ ಸ್ವೀಕರಿಸಿ ಕಣ್ಮುಚ್ಚಿದರು. ಅವರ ಭರವಸೆ ತಮ್ಮ ಪುಣ್ಯದಲ್ಲಿರಲಿಲ್ಲ, ತಂದೆಯ ಪ್ರೀತಿಯಲ್ಲಿತ್ತು. ಆ ಭರವಸೆಯೇ ಈ ಶತಮಾನೋತ್ಸವದಲ್ಲಿ ನಮಗೆ ಸಂದಿರುವ ಆಸ್ತಿ. ಅದನ್ನು ನಮ್ಮ ಮಕ್ಕಳಿಗೂ ಒಪ್ಪಿಸೋಣ.