ಹಾವಿನ ವಿಷಕ್ಕೆ ಕನ್ನಡದಲ್ಲೇ ಮದ್ದು ಬರೆದ ಮಂಗರಾಜ: ಆ ಮದ್ದನ್ನು ಇಂದು ನಂಬಬಹುದೇ?

ಹಾವು ಕಚ್ಚಿದರೆ ಈ ಬೇರು ಅರೆದು ಕುಡಿಸಿ, ವಿಷ ಇಳಿಯುತ್ತದೆ. ಇಂಥ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು, ಆರೂವರೆ ಶತಮಾನದ ಹಿಂದೆ ಇದೇ ಕೆಲಸಕ್ಕೆ ಕೈಹಾಕಿದ ಒಬ್ಬನ ಬಗ್ಗೆ ತಿಳಿಯಿರಿ.

ಅವನು ಒಂದನೆಯ ಮಂಗರಾಜ. ಕಾಲ ಸುಮಾರು ಕ್ರಿ.ಶ. 1360. ನಮ್ಮ ಗಂಗಾವತಿ ಕಡೆಯ ಕುಮ್ಮಟದುರ್ಗ, ಹೇಮಗುಡ್ಡ ಕೋಟೆಗಳಿದ್ದ ಕಂಪಿಲಿ ರಾಜ್ಯ 1327ರಲ್ಲಿ ಬಿತ್ತು. 1336ರಲ್ಲಿ ತುಂಗಭದ್ರೆಯ ದಡದಲ್ಲಿ ವಿಜಯನಗರ ಹುಟ್ಟಿತು. ಆ ಹೊಸ ರಾಜ್ಯದ ಆರಂಭದ ದಿನಗಳಲ್ಲಿ ಬದುಕಿದವನು ಮಂಗರಾಜ.

ಧರ್ಮದಿಂದ ಜೈನ, ಹೊಯ್ಸಳ ನಾಡಿನ ಮುಗುಳಿಪುರದ ಒಡೆಯ. ಆದರೆ ಅವನ ಹೆಸರು ಉಳಿದದ್ದು ಒಡೆತನದಿಂದಲ್ಲ, ‘ಖಗೇಂದ್ರಮಣಿದರ್ಪಣ’ ಎಂಬ ಗ್ರಂಥದಿಂದ. ಖಗೇಂದ್ರ ಎಂದರೆ ಗರುಡ, ಹಾವುಗಳ ವೈರಿ. ವೈದ್ಯಶಾಸ್ತ್ರ ಹೆಚ್ಚಾಗಿ ಸಂಸ್ಕೃತದಲ್ಲೇ ಇದ್ದಾಗ ಅವನು ಕನ್ನಡ ಪದ್ಯಗಳಲ್ಲಿ ಬರೆದ. ಗಿಡ, ಖನಿಜಗಳ ವಿಷ ಒಂದು ಬಗೆ, ಹಾವು-ಚೇಳಿನಂಥ ಜೀವಿಗಳ ವಿಷ ಇನ್ನೊಂದು ಬಗೆ ಎಂದು ವಿಂಗಡಿಸಿ ಮದ್ದು ಹೇಳಿದ. 1942ರಲ್ಲಿ ಮದರಾಸು ವಿಶ್ವವಿದ್ಯಾಲಯ ಈ ಗ್ರಂಥವನ್ನು ಅಚ್ಚು ಹಾಕಿಸಿತು.

ಹಾಗಾದರೆ ಆ ಮದ್ದುಗಳನ್ನು ಇಂದು ಬಳಸಬಹುದೇ? ಹಾವಿನ ವಿಷಕ್ಕೆ ಬೇಡ. ಅವನ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ. ವಿಷನಿರೋಧಕ ಚುಚ್ಚುಮದ್ದು ಬಂದದ್ದು 1890ರ ದಶಕದಲ್ಲಿ.

ಬೇರು ಕುಡಿದವರು ಬದುಕಿದ್ದನ್ನು ನೋಡಿದ್ದೇವೆ ಎನ್ನುತ್ತೀರಾ? ನಿಜವಿರಬಹುದು. ನಮ್ಮ ಸುತ್ತಲಿನ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ. ನಾಗರಹಾವು, ಕೊಳಕುಮಂಡಲ ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತವೆ. ಅಂಥವರು ಏನೂ ಕುಡಿಯದಿದ್ದರೂ ಬದುಕುತ್ತಿದ್ದರು. ಹೆಸರು ಮಾತ್ರ ಬೇರಿಗೆ ಬಂತು.

ವಿಷ ಏರಿದವರಿಗೆ ನಾಟಿ ಮದ್ದಿನ ಮನೆಗೆ ಓಡಾಡಿದ ಒಂದು ಗಂಟೆಯೇ ಪ್ರಾಣದ ಬೆಲೆಯಾಗಬಹುದು. ಹಾವು ಕಚ್ಚಿದರೆ ಹೀಗೆ ಮಾಡಿ:

• ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ.
• ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ.
• ಕೈಕಾಲು ಅಲ್ಲಾಡದಂತೆ ಇರಿಸಿ. ಗಾಯಾಳುವನ್ನು ನಡೆಸಬೇಡಿ.
• 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆ ಸೇರಿಸಿ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ.

ಮಂಗರಾಜ ತನ್ನ ಕಾಲದಲ್ಲಿ ಸಿಕ್ಕ ತಿಳಿವಳಿಕೆಯನ್ನೆಲ್ಲ ಜನರ ಭಾಷೆಗೆ ತಂದ. ನಮ್ಮ ಕಾಲದ ತಿಳಿವಳಿಕೆಯನ್ನು ಹಂಚುವುದೇ ಅವನಿಗೆ ಸಲ್ಲಿಸುವ ಗೌರವ. ಬೇರಿನ ಮೆಸೇಜ್ ಬಿಡಿ, ಇದನ್ನು ಫಾರ್ವರ್ಡ್ ಮಾಡಿ.